ಕೊನೆಯ ಹೊಲಕ್ಕೆ ಮೊದಲ ನೀರು

ಲ್ಯಾಬಿನ ಕಂಪ್ಯೂಟರ್ ಮೌಸನ್ನು ಅಂಗಾತ ಮಾಡಿ, ಹೊಟ್ಟೆಯ ಬಿಲ್ಲೆ ತಿರುಗಿಸಿ, ಒಳಗಿನ ರಬ್ಬರು ಗುಂಡನ್ನು ಗಂಗಾಲಕ್ಷ್ಮಿ ಅಂಗೈಗೆ ಬೀಳಿಸಿಕೊಂಡಳು. ಉರುಳೆಗಳಿಗೆ ಮೆತ್ತಿದ್ದ ಕಪ್ಪು ಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಬಾಗಿಲಲ್ಲಿ ಅಟೆಂಡರ್ ಅಶ್ವತ್ಥಮ್ಮನ ದನಿ ಕೇಳಿಸಿತು.

"ಗಂಗಮ್ಮಾ, ಎಕ್ಸ್‌ಟರ್ನಲ್ ಸಾರು ಬಂದ್ರು. ಶ್ರೀನಿವಾಸಪುರದ ಕಾಲೇಜಿನೋರಂತೆ. ಬಾಗುನ್ನಾರಮ್ಮಾ, ಚೆನ್ನಾಗಿದಾರೆ ನೋಡಕ್ಕೆ!"

"ಅವರನ್ನ ನೋಡಕ್ಕಲ್ಲ ಕರೆಸಿರೋದು, ಪರೀಕ್ಷೆ ಮಾಡಕ್ಕೆ" ಎನ್ನುತ್ತಾ ತಲೆಯೆತ್ತಿದಳು. ಗುಂಡು ಕೈಜಾರಿ ಮೇಜಿನ ಕೆಳಗೆ ಉರುಳಿಹೋಯಿತು.

ಒಳಗೆ ಬಂದ ಸಂಕರ್ಷಣ ಬಗ್ಗಿ ಅದನ್ನೆತ್ತಿ, ಶರ್ಟಿನ ತುದಿಗೆ ಒರೆಸಿ, ಮುಂದೆ ಹಿಡಿದ.

"ನಮಸ್ಕಾರ ಮೇಡಂ."

"ಅಲ್ಲಿಡಿ ಸಾರ್."

ಅವನ ಕೈಯಿಂದ ಅವಳು ತೆಗೆದುಕೊಳ್ಳಲಿಲ್ಲ. ಅವನು ನಕ್ಕ. ಆ ನಗೆಯಲ್ಲಿ ಎಡಗೆನ್ನೆ ಮಾತ್ರ ಗುಳಿಬೀಳುತ್ತದೆಂಬುದು ಅವಳಿಗಿನ್ನೂ ನೆನಪಿತ್ತು. ನೆನಪಿದ್ದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಐದು ವರ್ಷದ ಹಿಂದೆ, ಈಗ ಅವಳು ಪಾಠ ಹೇಳುವ ಮುಳಬಾಗಿಲಿನ ಇದೇ ಪಾಲಿಟೆಕ್ನಿಕ್ಕಿನಲ್ಲಿ ಇಬ್ಬರೂ ಡಿಪ್ಲೊಮಾ ಓದುತ್ತಿದ್ದರು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಸೇರಿ ಒಂದು ಕಂಪ್ಯೂಟರ್ ಆಟ ಕಟ್ಟಿದರು. ಮಳೆ ಕಡಿಮೆಯಾದ ವರ್ಷ, ಅರ್ಧ ತುಂಬಿದ ಕೆರೆ. ಕಾಲುವೆಯ ಬಾಗಿಲುಗಳನ್ನು ಸರಿಯಾದ ಕ್ರಮದಲ್ಲಿ ತೆಗೆದು ಮುಚ್ಚಿದರೆ ಎಲ್ಲ ಹೊಲಗಳೂ ನೆನೆಯುತ್ತವೆ, ತಪ್ಪಿದರೆ ಒಣಗುತ್ತವೆ. ಕೆರೆ ಅವಳ ಊರು ತಾಯಲೂರಿನದು, ಲೆಕ್ಕಾಚಾರ ಗಂಗಾಲಕ್ಷ್ಮಿಯದು, ಚಿತ್ರ ಮತ್ತು ಪ್ರೋಗ್ರಾಮು ಸಂಕರ್ಷಣನದು. ಕೆರೆ ನೋಡಲು ಬಂದ ದಿನ ಕೆಸರಿನ ಬದುವಿನ ಮೇಲೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಸರಸರನೆ ನಡೆದರೆ, ಅಗ್ರಹಾರದ ಹುಡುಗ ಎರಡು ಸಲ ಜಾರಿ ಬಿದ್ದಿದ್ದ. ಅವಳ ಬುತ್ತಿಯ ಮುದ್ದೆ ಬಸ್ಸಾರನ್ನು ಅವನು ತನ್ನ ಮನೆಯವರಿಗೆ ತಿಳಿಯದಂತೆ ತಿನ್ನಲು ಕಲಿತದ್ದೂ ಆ ದಿನವೇ.

ಆಟವನ್ನು ಇಂಟರ್ನೆಟ್ಟಿಗೆ ಏರಿಸುವ ಹಿಂದಿನ ಸಂಜೆ ಅವಳು ಕೊನೆಯ ಲೆವೆಲ್ ತೆರೆದು ನೋಡಿದಳು. ಅವಳ ಊರಿನ ಕಟ್ಟಳೆಯನ್ನೇ ಅವನು ತೆಗೆದುಹಾಕಿದ್ದ. ಬರಗಾಲದಲ್ಲಿ ಕಟ್ಟಕಡೆಯ ಹೊಲಕ್ಕೆ ಮೊದಲ ನೀರು ಎಂಬುದು ಕಟ್ಟಳೆ. "ಆಡೋರಿಗೆ ತಲೆಕೆಡುತ್ತೆ ಕಣೇ, ಹತ್ತಿರದ ಹೊಲ ಮೊದಲು ಇದ್ರೆ ಸುಲಭ" ಎಂದಿದ್ದ, ಕೇಳದೇ ಮಾಡಿದ್ದು ದೊಡ್ಡ ವಿಷಯವೇ ಅಲ್ಲವೆಂಬಂತೆ.

"ನಮ್ಮೂರ ಕೆರೆ ನಿಮ್ಮನೆ ಕೊಳಾಯಿ ಅಲ್ಲ ಕಣೋ, ಮನಸ್ಸಿಗೆ ಬಂದಂಗೆ ತಿರುಗ್ಸೋಕೆ. ಇನ್ನು ನಿನ್ನ ಮುಖ ನೋಡಲ್ಲ" ಎಂದು ಎದ್ದು ಬಂದವಳು ಆಟವನ್ನೂ ನೋಡಲಿಲ್ಲ.

ಹೋದ ವರ್ಷ ಹೊರದೇಶದ ಕಂಪನಿಯೊಂದು ಅಂಥದ್ದೇ ಕೆರೆಯಾಟ ಮಾಡಿ ಮಾರಿತು. ಎಲ್ಲೆಲ್ಲೂ ಅದೇ. ವಿದ್ಯಾರ್ಥಿಗಳಿಬ್ಬರು ಪುಕ್ಕಟೆ ಬಿಟ್ಟಿದ್ದ ಆಟದಿಂದ ಹೊಳೆದದ್ದು ಎಂದು ಅವರೇ ಹೇಳಿಕೊಂಡಿದ್ದರು. 'ನನ್ನದನ್ನು ಅವನು ಕೆಡಿಸಿದ, ಅವನದನ್ನು ಅವರು ಹೊತ್ತೊಯ್ದರು, ಸರಿಹೋಯಿತು' ಎಂದುಕೊಂಡಿದ್ದಳು. ಲ್ಯಾಬಿನಲ್ಲಿ ಹುಡುಗರು ಅದನ್ನು ಬಚ್ಚಿಟ್ಟಲ್ಲೆಲ್ಲ ಹುಡುಕಿ ಅಳಿಸುತ್ತಿದ್ದಳು. ಒಮ್ಮೆಯೂ ಆಡಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರ ಊಟ ಉಪಚಾರ ಒಳಗಿನವರ ಜವಾಬ್ದಾರಿ. ಎಲ್ಲ ಕಾಲೇಜುಗಳಲ್ಲೂ ನಡೆದುಬಂದ ಮರ್ಯಾದೆ ಅದು. ಪೂರಿ, ಪಲಾವ್, ಸಿಹಿ ಅಂತ ಏನಾದರೂ ಇರಲೇಬೇಕು. ಗಂಗಾಲಕ್ಷ್ಮಿ ಕ್ಯಾಂಟೀನಿನಿಂದ ಮೊಸರನ್ನ ತರಿಸಿದಳು. ಉಪ್ಪಿನಕಾಯಿಯೂ ಬೇಡವೆಂದಳು.

"ಏನಮ್ಮಾ ಇದು, ಜ್ವರ ಬಂದೋರ್ಗೆ ಕೊಟ್ಟಂಗೆ?" ಅಶ್ವತ್ಥಮ್ಮ ಪಿಸುಗುಟ್ಟಿದಳು.

"ಸಾರ್‌ಗೆ ಸಪ್ಪೇದೇ ಇಷ್ಟ. ತಲೆಕೆಡಲ್ಲ, ಸುಲಭ."

ಸಂಕರ್ಷಣ ತುತ್ತು ಎತ್ತಿದವನು ಅವಳನ್ನೇ ನೋಡಿದ. "ಐದು ವರ್ಷದಲ್ಲಿ ನಾಲಿಗೆ ಇನ್ನೂ ಸಾಣೆ ಹಿಡಿಸ್ಕೊಂಡಿದೀರ ಮೇಡಂ."

"ನೀವು ಬೋಳಾಗಿದೀರ ಸಾರ್, ನೆತ್ತೀಲಿ."

ಅಶ್ವತ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೋಡಿದಳು.

ಮಧ್ಯಾಹ್ನ ವೈವಾ. ಪಕ್ಕಪಕ್ಕದ ಕುರ್ಚಿ, ನಡುವೆ ಬೇಕೆಂದೇ ಇಟ್ಟ ನೀರಿನ ಜಗ್ಗು. ಕೊನೆಯದಾಗಿ ಬಂದವಳು ಆದಿಲಕ್ಷ್ಮಿ ಎಂಬ ಹುಡುಗಿ.

"ಆ ಕೆರೆ ಆಟ ಆಡ್ತೀಯೇನಮ್ಮಾ?" ಸಂಕರ್ಷಣ ಕೇಳಿದ.

ಹುಡುಗಿ ಗಂಗಾಲಕ್ಷ್ಮಿಯ ಕಡೆ ಹೆದರಿ ನೋಡಿದಳು. "ಲ್ಯಾಬಲ್ಲಿ ಆಡಲ್ಲ ಸಾರ್."

"ಎಲ್ಲಿ ಅಂತ ಕೇಳ್ಲಿಲ್ಲ. ಕೊನೇ ಲೆವೆಲ್ ಗೆಲ್ಲೋದು ಹೆಂಗೆ?"

"ಸಿಲಬಸ್ಸಲ್ಲಿಲ್ಲ ಸಾರ್ ಅದು" ಎಂದಳು ಗಂಗಾಲಕ್ಷ್ಮಿ.

"ನನ್ನ ಪ್ರಶ್ನೆ, ಮೇಡಂ. ಹೇಳಮ್ಮಾ."

"ಎಲ್ಲಾ ಮುಚ್ಚಿಟ್ಟು ಕಟ್ಟಕಡೇ ಹೊಲಕ್ಕೆ ಮೊದಲು ನೀರು ಬಿಡ್ಬೇಕು ಸಾರ್. ಆಮೇಲೆ ಒಂದೊಂದೇ ಹಿಂದಕ್ಕೆ ಬರೋದು. ಕೆರೆ ಹತ್ರದೋರು ಮೊದಲು ತಗೊಂಡ್ರೆ ಕಡೆಯೋರ್ಗೆ ಬರೀ ಕೆಸರು."

ಗಂಗಾಲಕ್ಷ್ಮಿಯ ಪೆನ್ನು ನಿಂತಿತು. ಅದು ಅವಳದೇ ಮಾತು. ಕೆರೆಯ ಏರಿಯ ಮೇಲೆ ನಿಂತು ಅವನೊಬ್ಬನಿಗೆ ಹೇಳಿದ ಮಾತು.

ಹುಡುಗಿ ಹೋದಮೇಲೆ ಅವನ ಕಡೆ ತಿರುಗಿದಳು. "ತೆಗೆದುಹಾಕಿದ್ಯಲ್ಲ?"

"ಹಾಕಿದ್ದೆ. ಮಾರನೇ ಬೆಳಗ್ಗೆ ವಾಪಸ್ ಇಟ್ಟೇ ಏರ್ಸಿದೆ. ಆ ಕಂಪನಿಯೋರು ಅದನ್ನೇ ನೋಡಿ ಕಲ್ತಿರೋದು."

"ಹೇಳಕ್ಕೇನಾಗಿತ್ತು ನಿಂಗೆ?"

"ಮುಖ ನೋಡಲ್ಲ ಅಂದೋಳು ನೀನು. ನಂಗೂ ಕೋಪ ಇರಲ್ವೇನೇ? ಆಟ ತೆಗೆದು ನೋಡ್ತಾಳೆ, ನೋಡಿದ್ರೆ ಬರ್ತಾಳೆ ಅಂದ್ಕೊಂಡೆ." ಅಂಕಪಟ್ಟಿಗೆ ಸಹಿ ಹಾಕಿ ಪೆನ್ನಿನ ಮುಚ್ಚಳವನ್ನು ಜೋರಾಗಿ ಒತ್ತಿದ. "ನೋಡ್ದೇನೇ ಇಷ್ಟು ವರ್ಷ ಬೈಕೊಂಡಿದೀಯ ಅಂತ ಈಗ ಗೊತ್ತಾಯ್ತು. ನಾಳೆ ಎರಡನೇ ಬ್ಯಾಚು. ಆಮೇಲೆ ಈ ಕಡೆ ನಂಗೇನೂ ಕೆಲಸ ಇಲ್ಲ."

ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ.

ಹಳೆಯ ಪ್ರಾಜೆಕ್ಟುಗಳ ಸಿಡಿಗಳು ಲ್ಯಾಬಿನ ಬೀರುವಿನಲ್ಲೇ ಇದ್ದವು. ಪ್ರತಿ ಬೇಸಿಗೆಯಲ್ಲೂ ಅವಳೇ ಧೂಳು ಒರೆಸುತ್ತಿದ್ದಳು. ತಮ್ಮ ಆಟದ, ಕೊನೆಗೆ ಸಂಕರ್ಷಣನೇ ಒಪ್ಪಿಸಿದ್ದ ಆ ಒಂದು ಸಿಡಿಯನ್ನು ಬಿಟ್ಟು ಸುತ್ತಲಿನದನ್ನೆಲ್ಲ ಒರೆಸುತ್ತಿದ್ದಳು. ಇವತ್ತು ಅದನ್ನು ಸೆರಗಿನಿಂದ ಉಜ್ಜಿ, ಡ್ರೈವಿಗೆ ಹಾಕಿ ಕುಳಿತಳು.

ಕೊನೆಯ ಲೆವೆಲ್. ಬೇಕೆಂದೇ ಹತ್ತಿರದ ಹೊಲಕ್ಕೆ ನೀರು ಬಿಟ್ಟಳು. ಕಡೆಯ ಹೊಲ ಬಿರುಕುಬಿಟ್ಟಿತು. ಮತ್ತೆ ಶುರುಮಾಡಿ, ಊರಿನ ಕಟ್ಟಳೆಯಂತೆ ಕಟ್ಟಕಡೆಯದನ್ನು ತೆರೆದಳು. ನೀಲಿ ಗೆರೆಯೊಂದು ಇಡೀ ಪರದೆಯನ್ನು ಹಾದು, ಬಳುಕಿ, ತುದಿ ಮುಟ್ಟಿತು. ಪೈರು ಹಸಿರಾಯಿತು. ಬದುವಿನ ಮೇಲೆ ಬೆರಳುದ್ದದ ಹುಡುಗಿಯೊಬ್ಬಳು ಮೂಡಿದಳು. ಎರಡು ಜಡೆ, ಎತ್ತಿ ಸಿಕ್ಕಿಸಿದ ಲಂಗ, ಒಂದು ಕೈಯಲ್ಲಿ ಚಪ್ಪಲಿ. ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ನಡೆದಳು. ಎಲ್ಲೂ ಜಾರಲಿಲ್ಲ.

ಗಂಗಾಲಕ್ಷ್ಮಿ ಆ ಹುಡುಗಿ ನಡೆಯುವುದನ್ನೇ ನೋಡುತ್ತಾ ಕುಳಿತಳು. "ಗೂಬೆ" ಎಂದು ಮೆಲ್ಲಗೆ ಬೈದಳು. ಯಾರನ್ನೆಂದು ಅವಳಿಗೂ ಖಚಿತವಿರಲಿಲ್ಲ.

"ನಾಳೆಗೂ ಮೊಸರನ್ನಾನಾ ಗಂಗಮ್ಮಾ?" ಬೀಗದ ಕೈ ಅಲ್ಲಾಡಿಸುತ್ತಾ ಅಶ್ವತ್ಥಮ್ಮ ಬಾಗಿಲಿಗೆ ಬಂದಳು.

"ಏನೂ ತರಿಸ್ಬೇಡಿ."

"ಅಯ್ಯೋ ದೇವುಡಾ, ಉಪವಾಸ ಕೆಡವ್ತೀಯಾ ಪಾಪ?"

ಗಂಗಾಲಕ್ಷ್ಮಿ ಕಂಪ್ಯೂಟರ್ ಆರಿಸಿದಳು.

ತಾಯಲೂರಿನಲ್ಲಿ ಅಮ್ಮ ಆಂಜಿನಮ್ಮ ಹೊಸಿಲಲ್ಲೇ ಕಾಯುತ್ತಿದ್ದಳು. ನಂಗಲಿಯ ಗಂಡಿನ ಕಡೆಯವರು ಭಾನುವಾರ ಬರುವುದಿತ್ತು. ಬೆಳಿಗ್ಗೆ ಮಗಳು "ಬರ್ಲಿ ಬಿಡು" ಎಂದಿದ್ದಳು.

"ಅವತ್ತು ಯಾವ ಸೀರೆ ಉಡ್ತೀಯೇ? ಹಸಿರುದ್ದು ತೆಗೆದಿಡ್ಲಾ?"

ಬದುವಿನ ಮೇಲೆ ನಡೆದು ಬಂದಿದ್ದ ಗಂಗಾಲಕ್ಷ್ಮಿ ಕೈಯಲ್ಲಿದ್ದ ಚಪ್ಪಲಿಯನ್ನು ಹೊಸಿಲ ಪಕ್ಕ ಇಟ್ಟು, ಕೆಸರುಗಾಲು ತೊಳೆದು ಒಳಗೆ ಬಂದಳು. ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ನೋಡಿದಳು. ನಾಳೆಗೆ ಸಾಲುವಷ್ಟಿತ್ತು.

"ಕೇಳ್ತಾ ಇದೀನಲ್ಲೇ, ಯಾವ ಸೀರೆ?"

"ಹೇಳ್ತೀನಿ ಇರಮ್ಮಾ" ಎಂದು ಅವಳು ಬುತ್ತಿ ಡಬ್ಬಿಗಾಗಿ ಅಟ್ಟದತ್ತ ಕೈಚಾಚಿದಳು. ದಿನಾ ಒಯ್ಯುವುದನ್ನು ಹಿಂದಕ್ಕೆ ಸರಿಸಿ, ಇಬ್ಬರಿಗಾಗುವ ಹಳೆಯ ದೊಡ್ಡದನ್ನು ಇಳಿಸಿಕೊಂಡಳು.