ಹಸಿರು ಕೋಟಿನ ಐದು ಗಂಟು

"ಒಳಗೆ ಬರಬಹುದಾ?"

ತಾನೇ ಪರದೆ ಹೊಲಿದು ಕಟ್ಟಿದ ಕೋಣೆ. ಎರಡು ವರ್ಷ ತಾನೇ ಕಸ ಗುಡಿಸಿದ ಕೋಣೆ. ಅದರ ಬಾಗಿಲಲ್ಲಿ ನಿಂತು ಹೀಗೆ ಕೇಳಬೇಕಾಗಿ ಬಂತಲ್ಲ ಎಂದುಕೊಂಡಳು ಅವಳು.

ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದು ಕೂತಿತ್ತು. ಸುತ್ತ ಬಟ್ಟೆಯ ರಾಶಿ. ಒಂದು ಕೈಯಲ್ಲಿ ಸ್ವೆಟರ್, ಇನ್ನೊಂದರಲ್ಲಿ ಒಂಟಿ ಕಾಲುಚೀಲ ಹಿಡಿದು ಅವಳ ಗಂಡ ಮಿಕಮಿಕ ನೋಡುತ್ತ ನಿಂತಿದ್ದ.

ಹನ್ನೊಂದು ತಿಂಗಳ ಮೇಲೆ ನೋಡುತ್ತಿದ್ದಾಳೆ... ಎಷ್ಟು ಬಡವಾಗಿದ್ದಾನೆ!

"ನೀ... ನೀನು?" ಅವನ ಕೈಯಿಂದ ಕಾಲುಚೀಲ ಜಾರಿ ಬಿತ್ತು.

"ಅತ್ತೆ ಫೋನ್ ಮಾಡಿದ್ರು. ನೀವು ಹೊರದೇಶಕ್ಕೆ ಹೊರಟಿದ್ದೀರಂತೆ. ಅವರ ಕಣ್ಣಿಗೆ ಪೊರೆ ಬಂದಿದೆಯಂತೆ, ಬಟ್ಟೆ ಆರಿಸಿಕೊಡೋಕೆ ಬಾ ಅಂದ್ರು. ಅದಕ್ಕೇ ಬಂದೆ. ಬೇರೇನಕ್ಕೂ ಅಲ್ಲ."

ಕೊನೆಯ ಮಾತು ಸುಳ್ಳು. ಅತ್ತೆ ಫೋನಿನಲ್ಲಿ ಇನ್ನೂ ಒಂದು ಮಾತು ಹೇಳಿದ್ದರು. "ಆರು ಗಂಟೆಗೆ ಟ್ಯಾಕ್ಸಿ ಬರುತ್ತೆ ಕಣಮ್ಮಾ. ಹೋದವನು ಯಾವಾಗ ಬರ್ತಾನೋ, ಬರ್ತಾನೋ ಇಲ್ಲವೋ, ದೇವರೇ ಬಲ್ಲ!" ಅಷ್ಟು ಕೇಳಿದ್ದೇ ತಡ, ತನ್ನ ಟೈಲರ್ ಅಂಗಡಿಯಲ್ಲಿ ಯಾರದ್ದೋ ಪ್ಯಾಂಟನ್ನು ಹೊಲಿಗೆ ಮೆಷಿನ್ನಿನ ಸೂಜಿಯ ಕೆಳಗೇ ಬಿಟ್ಟು ಅವಳು ಓಡಿ ಬಂದಿದ್ದಳು.

ಗೋಡೆಯ ಗಡಿಯಾರದಲ್ಲಿ ಐದೂಕಾಲು. ಅವನು ಗಡಿಯಾರ ರಿಪೇರಿ ಮಾಡುವವನು. ಆ ಮನೆಯಲ್ಲಿ ಗಡಿಯಾರ ಒಂದು ನಿಮಿಷವೂ ಸುಳ್ಳು ಹೇಳುತ್ತಿರಲಿಲ್ಲ.

"ಎಲೆ ಉದುರೋ ಕಾಲ ಅಲ್ಲಿ," ಎಂದಳು ಅವಳು, ಅವನ ಮುಖ ನೋಡದೆ. "ಬೆಳಿಗ್ಗೆ ನಡುಕ, ಮಧ್ಯಾಹ್ನ ಬಿಸಿಲು. ದಪ್ಪದ್ದು ಒಂದೇ ತಗೊಂಡು ಹೋದ್ರೆ ಪ್ರಯೋಜನ ಇಲ್ಲ. ತೆಳ್ಳಗಿನವು ಮೂರ್ನಾಲ್ಕು ಇರ್ಬೇಕು. ಒಂದರ ಮೇಲೊಂದು ಹಾಕ್ಕೊಂಡು, ಸೆಕೆ ಆದ್ರೆ ಬಿಚ್ಚೋ ಹಾಗೆ."

"ನಿನಗೆ ಎಲ್ಲಾ ಗೊತ್ತು."

ಗೊತ್ತಿರದೆ ಏನು? ಕಳೆದ ವರ್ಷ ಇದೇ ಪ್ರವಾಸಕ್ಕೆ ಅವಳು ತಿಂಗಳುಗಟ್ಟಲೆ ಪಟ್ಟಿ ಬರೆದಿದ್ದಳು! ಕಾಡಿಗೆ ಕಾಡೇ ಕೆಂಪಾಗುವ ಚಿತ್ರವನ್ನು ಹಳೆಯ ಕ್ಯಾಲೆಂಡರಿನಿಂದ ಹರಿದು ಮೆಷಿನ್ನಿನ ಎದುರು ಅಂಟಿಸಿಕೊಂಡಿದ್ದಳು. ಇಬ್ಬರ ವೀಸಾನೂ ಬಂದಿತ್ತು. ಕೊನೆಗಳಿಗೆಯಲ್ಲಿ ಅವನು ಹಿಂದೆ ಸರಿದ. "ನಾನು ಬಂದು ಅಲ್ಲಿ ಏನು ನೋಡ್ಲಿ? ನನಗೆ ಕೆಂಪೂ ಹಸಿರೂ ಒಂದೇ. ನೀನು ಹೋಗಿ ಬಾ."

ಹೌದು, ಅವನಿಗೆ ಆ ಎರಡು ಬಣ್ಣಗಳ ವ್ಯತ್ಯಾಸ ಹುಟ್ಟಿನಿಂದಲೂ ತಿಳಿಯದು. ಅವಳಿಗದು ಮೊದಲ ಭೇಟಿಯಲ್ಲೇ ಗೊತ್ತಾಗಿತ್ತು. ಹಸಿರು ಅಂಗಿಗೆ ಕೆಂಪು ಗುಂಡಿ ತಂದು "ಇದೇ ಬಣ್ಣ ಅಲ್ವಾ?" ಎಂದು ಮುಗ್ಧವಾಗಿ ಕೇಳಿದವನನ್ನು ಕಂಡು ಅವಳು ಬಿದ್ದೂ ಬಿದ್ದೂ ನಕ್ಕಿದ್ದಳು. ಆಮೇಲೆ ಆ ನಗುವಿಗೆ ನಾಚಿ, ಅವನ ಅಂಗಿಗಳ ಕಾಲರಿನ ಒಳಗೆಲ್ಲ ಗಂಟು ಹಾಕಿಕೊಟ್ಟಿದ್ದಳು. ಬಿಳಿಗೆ ಒಂದು, ನೀಲಿಗೆ ಎರಡು, ಕಂದು ಬಣ್ಣಕ್ಕೆ ಮೂರು, ಹಸಿರಿಗೆ ನಾಲ್ಕು, ಕೆಂಪಿಗೆ ಐದು. ಬೆರಳಾಡಿಸಿದರೆ ಬಣ್ಣ ತಿಳಿಯಬೇಕು! ಅತ್ತೆಗೂ ಗೊತ್ತಿಲ್ಲದ ಆ ಲೆಕ್ಕ ಅವರಿಬ್ಬರದೇ ಆಗಿತ್ತು.

ಅಂಥವಳು ಅವತ್ತು ಕೋಪದ ಕೈಗೆ ಬುದ್ಧಿ ಕೊಟ್ಟು ಏನೆಂದುಬಿಟ್ಟಳು?

"ಬಣ್ಣಾನೇ ಕಾಣದವರಿಗೆ ನನ್ನ ಆಸೆ ಎಲ್ಲಿ ಕಾಣುತ್ತೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ತನ್ನ ಗಡಿಯಾರದ ಅಂಗಡಿಗೆ ಹೋದ. ಅವಳು ಅಕ್ಕನ ಮನೆಗೆ ಹೋದಳು. ಕರೆಯಲು ಅವನು ಬರಲಿಲ್ಲ. ಕ್ಷಮೆ ಕೇಳಲು ಇವಳಿಗೆ ಮುಖವಿರಲಿಲ್ಲ.

ಈಗ ಒಂದೊಂದೇ ಬಟ್ಟೆ ಎತ್ತಿದಳು. ಅವಳೇ ತೋಳು ಗಿಡ್ಡ ಮಾಡಿದ್ದ ನೀಲಿ ಅಂಗಿ. ಮೊಣಕೈ ಸವೆದ ಕಂದು ಸ್ವೆಟರ್. ಪ್ರತಿ ಕಾಲರಿನಲ್ಲೂ ಅವಳ ಗಂಟುಗಳು ಹಾಗೆಯೇ ಇದ್ದವು. ತೊಳೆದೂ ತೊಳೆದೂ ನೂಲು ಮಾಸಿತ್ತು, ಬಿಚ್ಚಿರಲಿಲ್ಲ.

'ನನ್ನ ಕೈಯಾರೆ ಇವನನ್ನ ಕಳಿಸಿಕೊಡ್ತಿದ್ದೀನಲ್ಲ ದೇವರೇ... ಹೋಗಬೇಡಿ ಅನ್ನೋಕೆ ನನಗೇನು ಹಕ್ಕಿದೆ?'

ಆರನೆಯ ಅಂಗಿ ಇಡುವಾಗ ಅವನು ಅವಸರದಿಂದ ತಡೆದ. "ಸಾಕು ಸಾಕು! ನನಗೆ ಅರ್ಧ ಸೂಟ್‌ಕೇಸ್ ಸಾಕು."

"ಇನ್ನರ್ಧ?"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ಕೂಗು. "ಏ ಇವನೇ! ಮೇಲಿನ ಡಬ್ಬ ಇಳಿಸಿಕೊಡು ಬಾರೋ, ನನ್ನ ಕೈಗೆ ಎಟುಕ್ತಿಲ್ಲ!"

"ಬಂದೆ," ಎಂದು ಅವನು ಹೊರಗೆ ಹೋದ.

ಆ ಇನ್ನರ್ಧದ ಮೇಲೆ ಒಂದು ಟವೆಲ್ ಹೊದಿಸಿತ್ತು. ನೋಡಬಾರದಿತ್ತು. ನೋಡಿದಳು.

ಹೆಣ್ಣುಮಕ್ಕಳ ಸ್ವೆಟರ್ ಎರಡು. ಉಣ್ಣೆಯ ಸ್ಕಾರ್ಫ್. ಎಲ್ಲದರ ಕೆಳಗೆ ಉದ್ದನೆಯ ಹೊಸ ಕೋಟು. ಸೊಂಟಕ್ಕೆ ಪಟ್ಟಿ ಇರುವ ಹೆಂಗಸರ ಕೋಟು!

ಅವನು ಒಬ್ಬನೇ ಹೋಗುತ್ತಿಲ್ಲ...

ರೂಢಿಯಂತೆ ಬೆರಳುಗಳು ತಾವಾಗಿಯೇ ಕೋಟಿನ ಕಾಲರಿನ ಒಳಗೆ ಹೋದವು. ಅಲ್ಲಿ ಗಂಟುಗಳಿದ್ದವು.

ಇನ್ನೊಬ್ಬಳು ಬಂದರೂ ಸಹಿಸಿಯೇನು, ತಪ್ಪು ನನ್ನದೇ. ಆದರೆ ಈ ಗಂಟು! ಇದನ್ನೂ ಹೇಳಿಕೊಟ್ಟನಾ? ನನ್ನ ಬೆರಳಿನ ಮಾತನ್ನ ಬೇರೆಯವಳ ಬೆರಳಿಗೆ ಕೊಟ್ಟನಾ? ಅವಳೂ ಇವನ ಪಕ್ಕ ಕೂತು, ನೂಲನ್ನು ಹಲ್ಲಿನಲ್ಲಿ ಕಡಿದು, ನಕ್ಕು... ಅಯ್ಯೋ! ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳು ಹೊರಗೆ ಬಂದರೆ ಅಡುಗೆಮನೆಗೆ ಕೇಳಿಬಿಡುತ್ತದೆ.

ದುಃಖದ ಬೆನ್ನಿಗೇ ಸಿಟ್ಟು ಬಂತು. ಕೈಚೀಲದಿಂದ ನೂಲು ಕತ್ತರಿಸುವ ಚಿಕ್ಕ ಕತ್ತರಿ ತೆಗೆದಳು. ಗಂಡ ಹೋದರೆ ಹೋಗಲಿ, ಗಂಟು ನನ್ನದು. ಒಂದನ್ನೂ ಬಿಡುವುದಿಲ್ಲ.

ಕಣ್ಣೀರಿನಲ್ಲಿ ಏನೂ ಕಾಣದೆ ಬೆರಳಿನಿಂದಲೇ ಎಣಿಸಿದಳು. ಒಂದು... ಎರಡು... ಮೂರು... ನಾಲ್ಕು... ಐದು.

ಐದು?

ಕಣ್ಣು ಒರೆಸಿಕೊಂಡು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮತ್ತೆ ಎಣಿಸಿದಳು. ಐದೇ. ಐದು ಎಂದರೆ ಕೆಂಪು. ಆದರೆ ಕೋಟು ಹಸಿರು. ಕಡು ಹಸಿರು!

ಕಣ್ಣಿದ್ದ ಯಾವ ಹೆಂಗಸು ಹಸಿರು ಕೋಟಿಗೆ ಐದು ಗಂಟು ಹಾಕುತ್ತಾಳೆ?

ಗಂಟುಗಳನ್ನು ಹತ್ತಿರದಿಂದ ನೋಡಿದಳು. ಸಾಸಿವೆಗಿಂತ ಸಣ್ಣವು. ಸೂಜಿ ಹಿಡಿಯುವವರ ಗಂಟಲ್ಲ ಅವು. ಗಡಿಯಾರದ ಮುಳ್ಳು ಎತ್ತುವ ಚಿಮಟದಿಂದ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದಾಗಿ ಎಳೆದು ಬಿಗಿದವು. ಈ ಮನೆಯಲ್ಲಿ ಚಿಮಟ ಇರುವುದು ಒಬ್ಬರ ಬಳಿ ಮಾತ್ರ.

"ಕತ್ತರಿಸಬೇಡ!"

ಬಾಗಿಲಲ್ಲಿ ಅವನು. ಕೈಯಲ್ಲಿ ಡಬ್ಬ ಹಾಗೇ ಇತ್ತು.

"ಈ ಗಂಟು ಹಾಕಿದ್ದು ಯಾರು?" ಅವಳು ಕೋಟಿನ ಕಾಲರನ್ನು ಅವನತ್ತ ತಿರುಗಿಸಿ ಹಿಡಿದಳು.

"ನಾನೇ ಕಣೇ. ಇನ್ಯಾರು ಹಾಕ್ತಾರೆ?"

"ಕೋಟು ಯಾರಿಗೆ?"

ಅವನು ತಲೆ ತಗ್ಗಿಸಿದ. "ಯಾರು ಕೆಂಪು ಎಲೆ ನೋಡ್ಬೇಕು ಅಂತ ಆಸೆಪಟ್ಟಿದ್ರೋ ಅವರಿಗೆ. ನಿನ್ನ ಪಾಸ್‌ಪೋರ್ಟ್ ಇನ್ನೂ ಬೀರುವಿನಲ್ಲೇ ಇದೆ, ವೀಸಾ ಇನ್ನೂ ಇದೆ. ಎರಡು ಟಿಕೆಟ್ ತಗೊಂಡೆ. ದಿನಾ ನಿನ್ನ ಅಂಗಡಿ ಬಾಗಿಲ ತನಕ ಬರ್ತಿದ್ದೆ... ನಿನ್ನ ಆ ಮಾತು ನೆನಪಾಗಿ ವಾಪಸ್ ಹೋಗ್ತಿದ್ದೆ. ಈ ಹೊತ್ತಿನ ತನಕ ಕೇಳೋಕೆ ಧೈರ್ಯ ಆಗ್ಲಿಲ್ಲ."

"ನಾನು ಇವತ್ತು ಬರದೇ ಇದ್ದಿದ್ರೆ?"

"ಆ ಸೀಟು ಖಾಲಿ ಇಟ್ಕೊಂಡೇ ಹೋಗ್ತಿದ್ದೆ. ಉದುರಿದ ಎಲೆ ಆರಿಸ್ಕೊಂಡು ಬಂದು ನಿನ್ನ ಮೆಷಿನ್ ಮೇಲೆ ಇಡ್ತಿದ್ದೆ. ಯಾವುದು ಕೆಂಪು ಅಂತ ನನಗೆ ಗೊತ್ತಾಗಲ್ಲ... ಅದಕ್ಕೇ ಚೀಲ ತುಂಬ ತರ್ತಿದ್ದೆ."

ಅವಳಿಗೆ ಅಳು ಉಕ್ಕಿ ಬಂತು. ಈ ಸಲ ತಡೆಯಲಿಲ್ಲ. ಕೋಟಿನ ಸಮೇತ ಹೋಗಿ ಅವನ ಎದೆಗೆ ಹಣೆ ಒತ್ತಿದಳು. "ಕ್ಷಮಿಸಿ ರೀ... ಆ ಮಾತು ಆಡಿದ ದಿನದಿಂದ ನಾನು ಒಂದು ದಿನಾನೂ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ."

"ನೀನು ಹೇಳಿದ್ದು ಸರೀನೇ ಇತ್ತು, ಸೂಜಿ." ಎಷ್ಟು ದಿನವಾಗಿತ್ತು ಅವನು ಹಾಗೆ ಕರೆದು! "ನಾನು ಎಲೆ ಬಗ್ಗೆ ಯೋಚನೆ ಮಾಡಿದೆ, ನಿನ್ನ ಬಗ್ಗೆ ಮಾಡಲಿಲ್ಲ. ಎಲೆ ಬಣ್ಣ ನನಗೆ ಕಾಣದಿದ್ರೆ ಏನಾಯ್ತು? ಅದನ್ನ ನೋಡೋವಾಗ ನಿನ್ನ ಮುಖ ಹೇಗಾಗುತ್ತೆ ಅನ್ನೋದು ಕಾಣುತ್ತಲ್ಲ!"

"ಇಬ್ಬರದ್ದೂ ಮುಗೀತಾ?" ಅತ್ತೆ ಹೊರಗಿನಿಂದಲೇ ಕೇಳಿದರು. "ಟ್ಯಾಕ್ಸಿ ಐದು ನಿಮಿಷ ಬೇಗ ಬಂದು ಗೇಟಿನ ಹತ್ರ ನಿಂತಿದೆ. ಹಳದಿ ಗಾಡಿ, ಕರಿ ಅಂಗಿ ಡ್ರೈವರು!"

ಅವಳು ತಲೆ ಎತ್ತಿದಳು. "ಕಣ್ಣಿಗೆ ಪೊರೆ ಬಂದಿದೆ ಅಂದ್ರು?"

"ಬಂದಿತ್ತು," ಎಂದ ಅವನು. "ಆಪರೇಷನ್ ಆಗಿ ಆರು ತಿಂಗಳಾಯ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸೂಟ್‌ಕೇಸಿನ ತನ್ನ ಅರ್ಧವನ್ನು ಟೈಲರಿನ ಕಣ್ಣಿಂದ ನೋಡಿದಳು. ಒಂದು ಸ್ವೆಟರ್ ನೇರಳೆ, ಇನ್ನೊಂದು ಕಿತ್ತಳೆ, ಸ್ಕಾರ್ಫ್ ಗುಲಾಬಿ. ಒಂದಕ್ಕೊಂದು ಎಣ್ಣೆ ಸೀಗೇಕಾಯಿ! ಬದಲಿಸಲು ಹೊತ್ತಿಲ್ಲ. ಬದಲಿಸುವ ಮನಸ್ಸೂ ಇರಲಿಲ್ಲ.

ಅವಳು ಕೋಟು ಹಾಕಿಕೊಂಡಳು. ಭುಜ ಸರಿಯಾಗಿ ಕೂತಿತ್ತು.

ಅವನು ಆಸೆಯಿಂದ, ಅಳುಕಿನಿಂದ ಕೇಳಿದ. "ಕೆಂಪೇ ತಾನೇ? ಅಂಗಡಿಯವನು ಎರಡು ತೋರಿಸಿದ. ಯಾವುದು ಕೆಂಪು ಅಂತ ಎರಡನೇ ಸಲ ಕೇಳೋಕೆ ನಾಚಿಕೆ ಆಯ್ತು."

ಬಣ್ಣದ ವಿಷಯದಲ್ಲಿ ಅವಳು ಅವನಿಗೆ ಒಂದು ದಿನವೂ ಸುಳ್ಳು ಹೇಳಿದವಳಲ್ಲ.

"ಅಲ್ಲ ರೀ. ಹಸಿರು."

ಅವನ ಮುಖ ಬಾಡಿತು. "ಹಾಗಾದ್ರೆ... ಒಂದು ಗಂಟು ಕತ್ತರಿಸಿಬಿಡು. ನಾಲ್ಕಾಗಲಿ."

ಅವಳು ಕತ್ತರಿಯನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಇರಲಿ ಬಿಡಿ ಐದೂ. ಅಲ್ಲಿ ಯಾವ ಎಲೆ ಕೆಂಪು ಅಂತ ನಾನು ಒಂದೊಂದಾಗಿ ಹೇಳ್ತಾ ಹೋಗ್ತೀನಿ, ಕೇಳಿಸ್ಕೋತೀರಾ?"

"ಎಷ್ಟು ಎಲೆ ಇರುತ್ತೋ ಅಷ್ಟೂ ಹೇಳು," ಎಂದು ಅವನು ಸೂಟ್‌ಕೇಸ್ ಎತ್ತಿಕೊಂಡ.