ಬೆಲೆಚೀಟಿ ಇಲ್ಲದ ಕೋಟು

ಬೆನ್ನಿಗೆ ಬೆರಳು ಒತ್ತಿತು.

ಬರೀ ಬೆರಳು. ಚಾಕು ಹೊರಗೆ ಕಾರಿನಲ್ಲಿದೆಯೆಂದು ಇಬ್ಬರಿಗೂ ಗೊತ್ತು!

"ಎಲ್ಯೋರ್, ಸೀಲು ಬೀಳದೆ ಹೊರಗೆ ಬಂದ್ಯೋ... ನಿನ್ ಹೆಣ ಬೀಳುತ್ತೆ."

ನನ್ನ ಧಣಿ ತೋಲಿಬ್‌ನ ದನಿ. ತಾಷ್ಕೆಂಟ್ ಏರ್‌ಪೋರ್ಟು, ಬೆಳಗಿನ ಹತ್ತು ಗಂಟೆ, ಕಸ್ಟಮ್ಸ್ ಕ್ಯೂ.

ನನ್ನ ಕಸುಬು ಹೇಳುತ್ತೇನೆ, ನಗಬೇಡಿ. ಪ್ರವಾಸಿ ಇಲ್ಲಿ ಕೊಂಡದ್ದನ್ನು ತನ್ನ ದೇಶಕ್ಕೆ ಒಯ್ದರೆ, ಕಸ್ಟಮ್ಸಿನವರು ಮಾಲು ನೋಡಿ ಫಾರಂಗೆ ಸೀಲು ಒತ್ತಿದ ಮೇಲೆ, ಸರ್ಕಾರ ತೆರಿಗೆ ವಾಪಸ್ ಕೊಡುತ್ತದೆ. ತೋಲಿಬ್ ಹತ್ತಿರ ಇದ್ದದ್ದು ಒಂದೇ ಕುರಿಯ ತುಪ್ಪಳದ ಕೋಟು. ಪ್ರತಿಸಲ ಹೊಸ ಬಿಲ್ಲು, ಹೊಸ ಪ್ರವಾಸಿ. ಸೀಲು ಬಿದ್ದೊಡನೆ ಕೋಟು ಮತ್ತೆ ನನ್ನ ಚೀಲಕ್ಕೆ! ಹದಿನೇಳು ಸಲ ನಡೆದಿತ್ತು.

ಈ ಸಲದ ಪ್ರವಾಸಿ ನೆರ್ಮಿನ್ ಅಮ್ಮ, ಇಸ್ತಾಂಬುಲಿನ ರಿಟೈರ್ಡ್ ಟೀಚರು. ಕಮಿಷನ್ನಿಗೆ ಒಪ್ಪಿದ್ದರು.

ಅಧಿಕಾರಿ ಕೋಟನ್ನು ತಿರುವಿ ತಿರುವಿ ನೋಡಿದ.

"ಬೆಲೆಚೀಟಿ ಎಲ್ಲಿ? ಚೀಟಿ ಕಿತ್ತ ಮಾಲಿಗೆ ಸೀಲಿಲ್ಲ."

ನಿನ್ನೆ ರಾತ್ರಿ ಇತ್ತಲ್ಲ!

"ಇವನ ತಾಯಿ ಕತ್ತರಿಸಿದ್ರು," ಎಂದರು ನೆರ್ಮಿನ್ ಅಮ್ಮ. "ಬೆಳಿಗ್ಗೆ ಇವರ ಮನೆಗೆ ಚಹಾಕ್ಕೆ ಹೋಗಿದ್ದೆ. ಇವನು ಕಾರು ತೆಗೀತಿದ್ದ. ನನಗೇ ತಂದಿರೋ ಉಡುಗೊರೆ ಅಂದ್ಕೊಂಡು ಕೈಯಾರೆ ಹೆಗಲಿಗೆ ಹೊದಿಸಿದ್ರು. ಮನೆಗೆ ಬಂದೋರಿಗೆ ಬೆಲೆ ತೋರಿಸಿ ಕೊಡ್ತಾರಾ, ಮಾನ ಹೋಗಲ್ವಾ ಅಂತ ಕತ್ತರಿ ತಗೊಂಡ್ರು."

ಅಮ್ಮಾ... ನನ್ನ ಕುತ್ತಿಗೆಯನ್ನೇ ಕತ್ತರಿಸಿದೆಯಲ್ಲಮ್ಮಾ!

ಅಧಿಕಾರಿಯ ಮುಖ ಅರಳಿತು. ಅವನೂ ಇದೇ ಊರಿನವನು.

"ತಾಯಿ ಹೊದಿಸಿದ್ದಕ್ಕೆ ಎಂಥ ತೆರಿಗೆ? ಫಾರಂ ಹರಿದುಹಾಕಿ. ಕೋಟು ಹಾಕ್ಕೊಂಡು ನಡೀರಿ ಅಮ್ಮಾ!"

ನೆರ್ಮಿನ್ ಅಮ್ಮ ನನ್ನ ಕೆನ್ನೆ ತಟ್ಟಿ, ಕೋಟು ತೊಟ್ಟು, ಒಳಗೆ ನಡೆದೇಬಿಟ್ಟರು.

"ಕೋಟೂ ಹೋಯ್ತು," ತೋಲಿಬ್ ಮೆಲ್ಲಗೆ ಹೇಳಿದ. "ಬಾ ತಮ್ಮಾ. ಕಾರಲ್ಲಿ ಮಾತಾಡೋಣ."

ಅವನು ಕಿರುಚಿದರೆ ಭಯವಿಲ್ಲ. ಅವನು ತಮ್ಮಾ ಎಂದು ಕರೆದವರು ಯಾರೂ ಮನೆಗೆ ಮರಳಿಲ್ಲ.

ಅವನ ಕೈ ನನ್ನ ತೋಳು ಹಿಡಿಯಿತು. ಕೊಸರಿಕೊಂಡೆ. ಓಡಿದೆ... ಹೊರಗಲ್ಲ, ನೇರ ಅಧಿಕಾರಿಯ ಮೇಜಿಗೆ! ಒಂದು ಸೂಟ್‌ಕೇಸು ಉರುಳಿತು, ಯಾರೋ ಬೈದರು, ತೋಲಿಬ್‌ನ ಬೂಟು ಹಿಂದೆಯೇ ಬಂತು.

ಮೇಜು ಹಾರಿ ಅಧಿಕಾರಿಯ ಕಾಲ ಬಳಿ ಬಿದ್ದೆ.

"ಸಾರ್! ನಾನು ಕಳ್ಳ! ಹದಿನೇಳು ಸಲ ಸುಳ್ಳು ಸೀಲು ಹಾಕಿಸಿದ್ದೀನಿ. ಬೇಡಿ ಹಾಕಿ!"

"ತಲೆ ಕೆಟ್ಟಿದ್ಯೇನೋ? ಐದು ವರ್ಷ ಒಳಗಿಡ್ತಾರೆ!" ಎಂದ ಅಧಿಕಾರಿ.

ಕ್ಯೂ ಪಕ್ಕದಲ್ಲಿ ಗಕ್ಕನೆ ನಿಂತಿದ್ದ ತೋಲಿಬ್‌ನನ್ನು ನೋಡಿದೆ. ಗಟ್ಟಿ ಆಳು, ವಯಸ್ಸು ನಲವತ್ತೂ ಆಗಿಲ್ಲ; ಐದು ವರ್ಷ ಆರಾಮಾಗಿ ಕಾಯಬಲ್ಲ.

"ಐದೇನಾ ಸಾರ್?" ಎಂದೆ. "ಸ್ವಲ್ಪ ಜಾಸ್ತಿ ಮಾಡ್ಸಿ!"