ಉಗುರಿನ ಡಾಂಬರು

"ನಿಮ್ಮ ಆಫೀಸ್‌ನಾಗ ಕಂಪ್ಯೂಟರ್‌ಗೆ ಡಾಂಬರು ಹಚ್ತಾರೇನ್ರಿ?"

ಹಾಲೇಶ್ ಬೆರಳುಗಳನ್ನು ಮಡಚಿಕೊಂಡ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬೆಳಗಿನ ಬಸ್ಸು ಕಮಲಾಪುರದ ಕೆರೆ ದಾಟುತ್ತಿತ್ತು. ಅಂಜಲಿ ನೀರು ನೋಡುವವಳಂತೆ ಕಿಟಕಿಯತ್ತ ತಿರುಗಿದ್ದಳು. ಕಣ್ಣಂಚು ಮಾತ್ರ ಅವನ ಕೈ ಬಿಟ್ಟಿರಲಿಲ್ಲ.

"ಬೈಕ್ ರಿಪೇರಿ ಮಾಡ್ದೆ."

"ಬೈಕ್ ಐತಿ, ಮತ್ತ ದಿನಾ ಬಸ್ಸಿಗೆ ಬರ್ತೀರಿ?"

"ಇನ್ನೂ ರಿಪೇರಿ ಆಗಿಲ್ಲ."

"ಭಾಳ ದೊಡ್ಡ ರಿಪೇರಿ ಬಿಡ್ರಿ ಅದು," ಎಂದು ನಕ್ಕಳು. ನಗುವಾಗ ಅವಳು ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಬಾರದೆಂದುಕೊಳ್ಳುತ್ತಲೇ ಅವನು ಪ್ರತಿ ಬಾರಿಯೂ ನೋಡುತ್ತಿದ್ದ.

ಅಂಜಲಿ ಕಂಪ್ಲಿಯ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಊರು ಮರಿಯಮ್ಮನಹಳ್ಳಿ, ಹೊಸಪೇಟೆಯಲ್ಲಿ ರೂಮು ಮಾಡಿಕೊಂಡಿದ್ದಳು. ಅವಳ ಮೊಬೈಲಿನ ಕವರಿನ ಮೇಲೆ ಬುದ್ಧನ ಚಿತ್ರವಿತ್ತು. ಪರಿಚಯವಾದ ಹೊಸದರಲ್ಲೇ ತಾನು ಯಾವ ಕೇರಿಯವಳೆಂದು ತಾನಾಗಿ ಹೇಳಿ, ಅವನ ಮುಖವನ್ನೇ ನೋಡಿದ್ದಳು. ಮುಖ ಬದಲಾಗಿರಲಿಲ್ಲ. ಆಮೇಲಿಂದ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಅವನಿಗಾಗಿ ಜಾಗ ಹಿಡಿಯುತ್ತಿದ್ದಳು.

ಅವಳು ಅಷ್ಟು ನಿಜ ಹೇಳಿದ್ದಳು. ಅವನು ಹೇಳಿದ್ದು ಸುಳ್ಳು: ಕಂಪ್ಲಿಯಲ್ಲಿ ಕಸ್ಟಮರ್ ಕೇರ್ ಆಫೀಸು, ತಾನು ಟೀಮ್ ಲೀಡರ್.

ಆ ಕೆಲಸವನ್ನು ಅವನು ಹುಬ್ಬಳ್ಳಿಯಲ್ಲೇ ಬಿಟ್ಟು ಬಂದಿದ್ದ. ಒಂದು ಮೊಬೈಲ್ ಕಂಪನಿಯ ಹೆಲ್ಪ್‌ಲೈನ್. ಕಿವಿಗೆ ಹೆಡ್‌ಸೆಟ್, ಎದುರಿಗೆ ಓದಬೇಕಾದ ಸಾಲುಗಳು. ಸ್ವಲ್ಪ ಹೊತ್ತು ಸುಮ್ಮನಿದ್ದರೂ ಅದಕ್ಕೆ 'ಡೆಡ್ ಏರ್' ಎಂದು ಹೆಸರು, ಮಾರ್ಕ್ಸ್ ಕಡಿತ. ಬೈಗುಳ ಅವನನ್ನು ಮುರಿಯಲಿಲ್ಲ. ಒಂದು ಮಧ್ಯಾಹ್ನ ವಯಸ್ಸಾದವರೊಬ್ಬರು, "ನನ್ನ ಹೆಂಡತಿ ತೀರಿಕೊಂಡಾಳಪ್ಪ, ಅಕಿ ನಂಬರ್ ಬಂದ್ ಮಾಡಿಬಿಡು" ಎಂದರು. ನಂಬರ್ ಬಿಡುವವರಿಗೆಲ್ಲ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. ಅವನು ಮೃದುವಾಗಿ ಕೇಳಿದ: "ನಮ್ಮ ಸೇವೆಯಲ್ಲಿ ಏನು ಕೊರತೆಯಾಯಿತು ಸರ್?"

ಆ ಕಡೆ ಯಾರೂ ಮಾತಾಡಲಿಲ್ಲ. ಆ ಮೌನವನ್ನೂ ಅವನು ತುಂಬಿದ: "ನಿಮ್ಮ ದಿನ ಶುಭವಾಗಿರಲಿ."

ಅದಾದ ಮೇಲೆ ಫೋನ್ ರಿಂಗಾದರೆ ಹೆಡ್‌ಸೆಟ್ ಕಳಚಿ ಎದ್ದುಬಿಡುತ್ತಿದ್ದ. ಕೊನೆಗೆ ಕೆಲಸವನ್ನೇ ಬಿಟ್ಟ.

ಈಗ ಕಂಪ್ಲಿಯ ಕೋಟೆಯ ಹತ್ತಿರ, ಹೊಳೆಯ ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದ ಹನುಮಣ್ಣನ ಜೊತೆ ಹರಿಗೋಲು ಹೆಣೆಯುತ್ತಿದ್ದ. ಬಿದಿರಿನ ಸೀಳುಗಳನ್ನು ದುಂಡಗೆ ಬಗ್ಗಿಸಿ, ಹೊದಿಕೆ ಬಿಗಿದು, ಮೇಲೆ ಕಾಸಿದ ಡಾಂಬರು ಬಳಿಯುವುದು. ಇಡೀ ದಿನ ಯಾರೂ ಮಾತಾಡಿಸದ ಕೆಲಸ. ಅವನಿಗೆ ಅದು ಔಷಧಿಯಂತಿತ್ತು. ಆದರೆ ಅಕ್ಕಿ ಅಂಗಡಿಯ ಮನೆಯವರ ಪದವೀಧರ ಮಗ ಮಾಡುವ ಕೆಲಸವಲ್ಲ. ಅದಕ್ಕೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮನೆ ಬಿಡುವುದು, ಹನುಮಣ್ಣನ ಗುಡಿಸಲಿನಲ್ಲಿ ಚೀಲದಲ್ಲಿ ಬಚ್ಚಿಟ್ಟು ತಂದ ಲುಂಗಿ ಉಡುವುದು, ಸಂಜೆ ಮತ್ತೆ ಬಿಳಿ ಅಂಗಿ. ಉಗುರುಗಳಿಗೆ ಮಾತ್ರ ಬದಲಿಸುವ ಬಟ್ಟೆ ಇರಲಿಲ್ಲ.

ಒಂದು ದಿನ ಅವನ ಸೋದರಮಾವ ಹಾಲಸ್ವಾಮಿ ದಡಕ್ಕೆ ಬಂದ. ಎಮ್ಮಿಗನೂರಿನ ಹತ್ತಿರ ರೈಸ್ ಮಿಲ್ ಇದ್ದವನು. ಯಾರೋ ಹೇಳಿದ್ದನ್ನು ನಂಬದೆ ಕಣ್ಣಾರೆ ನೋಡಲು ಬಂದಿದ್ದ.

"ಏನಲೇ ಇದು? ನಿಮ್ಮವ್ವ ಮಗ ಆಫೀಸರ್ ಅಂತ ಊರೆಲ್ಲ ಹೇಳ್ಕೊಂತ ಅಡ್ಡಾಡ್ತಾಳ. ನೀ ಇಲ್ಲಿ ಮೈಗೆಲ್ಲ ಮಸಿ ಬಳ್ಕೊಂಡು ಕುಂತೀಯಾ? ಮನಿತನದ ಮಾನ ಏನಾತಲೇ?"

ಹಾಲೇಶ್ ನೆಲ ನೋಡುತ್ತ ನಿಂತ. ಆಗಲೇ ಹಿಂದಿನಿಂದ ಪರಿಚಿತ ನಗು ಕೇಳಿಸಿತು.

"ಹಾಲೇಶ್ ಅವ್ರೇ! ಬೈಕ್ ರಿಪೇರಿ ಇಲ್ಲೇ ನಡದೈತೇನ್ರಿ?"

ಅಂಜಲಿ. ಹೆಗಲಲ್ಲಿ ಲ್ಯಾಬಿನ ಡಬ್ಬಿ, ಮುಖದ ತುಂಬ ಸಲಿಗೆ.

"ಯಾರಲೇ ಇಕಿ?" ಎಂದ ಮಾವ.

ಹಾಲೇಶ್ ಬಾಯಿ ತೆರೆದ. ಹೆಲ್ಪ್‌ಲೈನಿನ ಆ ಹಳೆಯ ದನಿ, ನಯವಾದ, ಯಾರದೂ ಅಲ್ಲದ ದನಿ, ತಾನಾಗಿ ಹೊರಬಂತು.

"ನಮಸ್ಕಾರ ಮೇಡಂ. ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?"

ಅವಳ ನಗು ಒಮ್ಮೆಲೇ ಹೋಗಲಿಲ್ಲ. ಅವನು ಜೋಕು ಮಾಡುತ್ತಿದ್ದಾನೆಂದು ಒಂದು ಕ್ಷಣ ಕಾಯಿತು. ಆಮೇಲೆ ಅವಳು ಮಾವನ ಬಿಳಿ ಧೋತರ ನೋಡಿದಳು, ಹಣೆಯ ವಿಭೂತಿ ನೋಡಿದಳು. ಏನೋ ಅರ್ಥವಾದಂತೆ ತಲೆಯಾಡಿಸಿದಳು.

"ಹನುಮಣ್ಣನ ಅವ್ವಂದು ರಕ್ತ ತಗೊಳ್ಳಾಕ ಬಂದೀನಿ," ಎಂದು ಇಬ್ಬರನ್ನೂ ನೋಡದೆ ಗುಡಿಸಲಿನೊಳಗೆ ಹೋದಳು.

ಮರುದಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇತ್ತು. ಅವನನ್ನು ಕಂಡ ಮೇಲೂ ಅವಳು ಅದನ್ನು ತೆಗೆಯಲಿಲ್ಲ. ಅವನು ಕಂಬಿ ಹಿಡಿದು ನಿಂತ. ಬಿಳಿ ಅಂಗಿಯೊಳಗೆ ಮೈಯೆಲ್ಲ ಉರಿಯುತ್ತಿತ್ತು. 'ಸಾರಿ' ಎಂಬ ಪದ ನಾಲಿಗೆಗೆ ಬಂತು. ದಿನಕ್ಕೆ ನೂರು ಸಲ ಅಪರಿಚಿತರಿಗೆ ಹೇಳಿದ ಪದ. ಅದನ್ನು ಅವಳಿಗೆ ಕೊಡಲು ನಾಚಿಕೆಯಾಯಿತು.

ಆ ರಾತ್ರಿ ಅವನು ಊಟ ಮಾಡಲಿಲ್ಲ. ಅವ್ವ ಕಾರಣ ಕೇಳಿದಳು. ಅವನು ಹೇಳಿದ.

ಬೆಳಿಗ್ಗೆ ಹೊಸಪೇಟೆ ಸ್ಟ್ಯಾಂಡಿನಲ್ಲಿ ಡಾಂಬರು ಮೆತ್ತಿದ ಲುಂಗಿ, ಹಳೇ ಅಂಗಿಯಲ್ಲಿ ಬಸ್ಸು ಹತ್ತಿದ. ಜನ ಸರಿದು ದಾರಿ ಬಿಟ್ಟರು, ತಮ್ಮ ಬಟ್ಟೆಗೆ ತಾಗೀತೆಂದು.

"ಏನ್ರಿ ಸಾಹೇಬ್ರ," ಕಂಡಕ್ಟರ್ ಕಣ್ಣರಳಿಸಿದ, "ಇವತ್ತು ಆಫೀಸಿಗೆ ರಜಾ ಏನು?"

"ಆಫೀಸಿಲ್ರಿ. ಕೋಟಿ ಹತ್ರ ಹರಿಗೋಲು ಹೆಣಿತೀನಿ." ಸಣ್ಣಗೆ ಹೇಳಬೇಕೆಂದಿದ್ದ. ಇಡೀ ಬಸ್ಸಿಗೆ ಕೇಳಿಸಿತು. ಕಿವಿ ಬಿಸಿಯಾದವು.

ಅಂಜಲಿ ತಿರುಗಲಿಲ್ಲ. ಅವನು ಅವಳ ಸೀಟಿನ ಪಕ್ಕ ನಿಂತ.

"ನನಗ ಮೊದ್ಲೇ ಗೊತ್ತಿತ್ತು," ಎಂದಳು ಕಿಟಕಿಗೆ. "ಡಾಂಬರು ಯಾವ್ದು, ಗ್ರೀಸ್ ಯಾವ್ದು ತಿಳಿಯಂಗಿಲ್ಲೇನು? ನಮ್ಮಪ್ಪ ಜೀವನಪೂರ್ತಿ ರೋಡಿನ ಕೆಲಸ ಮಾಡ್ಯಾನ. ಅವನ ಉಗುರೂ ಹಿಂಗ ಇರ್ತಾವ. ಅದಕ್ಕ ನಿಮ್ಮ ಕೈ ನೋಡಿದ್ರ ನನಗ..." ಮಾತು ಅಲ್ಲೇ ನಿಲ್ಲಿಸಿದಳು. "ಅವತ್ತು ನಿಮಗ ನಾಚಿಕಿ ಆಗಿದ್ದು ಈ ಕೈಯಿಂದೋ, ನನ್ನಿಂದೋ?"

"ಕೈಯಿಂದ."

"ಮಾವನ ಅಂಜಿಕಿ ಇರ್ಲಿಲ್ಲ?"

"ಇತ್ತು. ನೀವು ಯಾರಂತ ಹೇಳಾಕೂ ಅಂಜಿದೆ. ಇಲ್ಲ ಅಂದ್ರ ಅದೂ ಸುಳ್ಳಾಗ್ತೈತಿ."

ಅವಳು ಈಗ ಅವನತ್ತ ನೋಡಿದಳು. ಕಣ್ಣು ಕೆಂಪಾಗಿದ್ದವು.

"ನಿನ್ನೆ ಮನ್ಯಾಗ ಎರಡೂ ಹೇಳೀನಿ," ಎಂದ. "ಕೆಲಸದ್ದು ಹೇಳ್ದೆ. ನಿಮ್ಮನ್ನ ಇಷ್ಟಪಟ್ಟೀನಿ ಅನ್ನದೂ ಹೇಳ್ದೆ."

"ನನಗ ಹೇಳೂಕಿಂತ ಮೊದ್ಲ?"

"ಅಲ್ಲಿ ಹೇಳಾಕ ಆಗ್ಲಿಲ್ಲಂದ್ರ ನಿಮಗ ಹೇಳೂ ಯೋಗ್ಯತಿ ಇರ್ತಿರ್ಲಿಲ್ಲ."

"ಏನಂದ್ರು?"

"ಅವ್ವ ಅತ್ಲು. ಮಾವಗೂ ಫೋನ್ ಮಾಡಿ ಹೇಳ್ದೆ, ಕಟ್ ಮಾಡ್ದ." ತಡೆದು ಹೇಳಿದ, "ಫೋನ್ ಕಟ್ ಆದ್ರೂ ಬ್ಯಾಸರ ಆಗ್ಲಿಲ್ಲ ನನಗ, ಇದೇ ಮೊದ್ಲು."

ಅವಳ ಕೆಳತುಟಿ ಹಲ್ಲಿಗೆ ಸಿಕ್ಕಿತು. ನಗುವೋ ಅಳುವೋ ತಿಳಿಯಲಿಲ್ಲ. ಬ್ಯಾಗ್ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಕುಂದ್ರಿ."

"ನಿಮ್ಮ ಬಟ್ಟಿಗೆ ಹತ್ತತೈತಿ."

"ಕುಂದ್ರಿ ಅಂದ್ರ."

ಅವನು ಕುಳಿತ. ಅವಳು ಬ್ಯಾಗಿನಿಂದ ಹತ್ತಿ ತೆಗೆದಳು, ಸ್ಪಿರಿಟ್ ಹಾಕಿದಳು, ಅವನ ಹೆಬ್ಬೆರಳನ್ನು ಹಿಡಿದು ಉಗುರು ಉಜ್ಜಿದಳು, ರಕ್ತ ತೆಗೆಯುವಾಗಿನ ಗಾಂಭೀರ್ಯದಲ್ಲಿ. ಕಪ್ಪು ಒಂದಿಷ್ಟೂ ಕದಲಲಿಲ್ಲ.

"ಅದಕ್ಕ ಸೀಮೆಎಣ್ಣೆ ಬೇಕು," ಎಂದ ಮೆಲ್ಲಗೆ.

"ಗೊತ್ತೈತಿ," ಎಂದಳು. "ನಮ್ಮಪ್ಪನ ಕೈ ನಾನೇ ಉಜ್ಜತಿದ್ದೆ."

ಹತ್ತಿಯನ್ನು ಕಿಟಕಿಯಾಚೆ ಎಸೆಯದೆ ಮುಷ್ಟಿಯಲ್ಲಿ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಅವನ ಬೆರಳು ಹಾಗೇ ಇತ್ತು.

ಬಾಳೆತೋಟಗಳು ಹಿಂದೆ ಸರಿದವು, ರಾಮಸಾಗರ ಬಂತು, ಗದ್ದೆಗಳು ಶುರುವಾದವು. ಇಬ್ಬರೂ ಮಾತಾಡಲಿಲ್ಲ. ಏನಾದರೂ ಹೇಳಿ ಈ ಮೌನ ತುಂಬಬೇಕೆಂದು ಅವನ ಗಂಟಲು ಒಮ್ಮೆ ಅಭ್ಯಾಸಬಲದಿಂದ ಸಿದ್ಧವಾಯಿತು. ಅವಳು ಬೆರಳನ್ನು ತುಸು ಒತ್ತಿದಳು.

ಅವನು ಸುಮ್ಮನಿದ್ದ.